ತೊಗಲು ಮುಟ್ಟದ ಮನೆಯ ಕುರ್ಚಿ

ಯಮಕನಮರಡಿಯ ಆ ಜೈನ ಮನೆಯೊಳಗೆ ತೊಗಲಿನ ಸಾಮಾನಿಗೆ ಪ್ರವೇಶವಿರಲಿಲ್ಲ. ಚಪ್ಪಲಿ, ಬೆಲ್ಟು, ಪಾಕೀಟು ಎಲ್ಲವೂ ಹೊರಗಿನ ಕಟ್ಟೆಯ ಮೇಲೇ ಉಳಿಯಬೇಕು. ಹಿರಿಮಗನ ಮದುವೆ ಮಾತಿಗೆ ಬಂದ ಬೀಗರ ಕೈಗಡಿಯಾರದ ಪಟ್ಟಿ ಚರ್ಮದ್ದೆಂದು ಗುಮಾನಿ ಬಂದು ಅದನ್ನೂ ಬಿಚ್ಚಿಸಿ ಇಡಿಸಿದ ಗಟ್ಟಿಗಿತ್ತಿ ಸೀತಾಬಾಯಿ. ಅಂಥ ತಾಯಿಯ ಕಿರಿಯ ಮಗ ಬಾಹುಬಲಿ ಹೋಗಿ ಹೋಗಿ ಗೋಕಾಕದಲ್ಲಿ ಚರ್ಮದ ಸೋಫಾ, ಕುರ್ಚಿಗಳ ರಿಪೇರಿ ಅಂಗಡಿ ತೆರೆದ. ಆಡಿಕೊಳ್ಳುವವರಿಗೆ ಬೇರೆ ವಿಷಯವೇ ಬೇಕಾಗಲಿಲ್ಲ.

ಅವನೇನು ಹಟಕ್ಕೆ ಬಿದ್ದು ಮಾಡಿದ್ದಲ್ಲ. ತೊಂಬತ್ತಮೂರರ ಸುಮಾರಿಗೆ ಗೋಕಾಕದ ಒಂದು ಗಾದಿ, ಸೋಫಾ ಅಂಗಡಿಯಲ್ಲಿ ಪಗಾರಕ್ಕಿದ್ದ. ಅಲ್ಲಿಗೆ ಹೊಲಿಗೆ ಕೆಲಸಕ್ಕೆಂದು ಹುಕ್ಕೇರಿಯಿಂದ ಅಲ್ಲಪ್ಪ ಎಂಬ ಹಿರಿಯ ಕಸುಬುದಾರ ಬರುತ್ತಿದ್ದ. ತೊಗಲು ಕಂಡರೆ ಮಾರು ದೂರ ನಿಲ್ಲುವ ಬಾಹುಬಲಿಯನ್ನು ನೋಡಿದರೆ ಅವನಿಗೆ ನಗು.

“ಕಣ್ಣಿಲೆ ನೋಡಿದ್ರ ತಿಳಿಯೂದಿಲ್ರಿ. ಕೈ ಇಡ್ರಿ, ಏನೂ ಕಡಿಯೂದಿಲ್ಲ,” ಎಂದು ಒಂದು ದಿನ ಅಲ್ಲಪ್ಪ ಅವನ ಕೈ ಹಿಡಿದು ಹದ ಮಾಡಿದ ತೊಗಲಿನ ಮೇಲೆ ಇಟ್ಟೇಬಿಟ್ಟ.

ಬಾಹುಬಲಿ ಸೋಪು ಹಚ್ಚಿ ಕೈ ತೊಳೆದುಕೊಂಡ. ಮರುದಿನ ತಾನಾಗಿಯೇ ಹೋಗಿ ಮತ್ತೆ ಮುಟ್ಟಿದ. ಎಮ್ಮೆ ತೊಗಲು ದಪ್ಪ, ವರ್ಷಗಟ್ಟಲೆ ತಾಳುತ್ತದೆ. ಕುರಿ ತೊಗಲು ಮೆತ್ತಗೆ, ಆದರೆ ಬೇಗ ಹರಿಯುತ್ತದೆ. ಮೇಲ್ಪದರದ ತೊಗಲಿನಲ್ಲಿ ಕೂದಲಿನ ಸಣ್ಣ ರಂಧ್ರಗಳು, ಮುಳ್ಳು ಗೀರಿದ ಗುರುತು ಹಾಗೇ ಇರುತ್ತವೆ. ಒಳಪದರದ್ದಕ್ಕೆ ಬಣ್ಣ ಬಳಿದು, ಅಚ್ಚೊತ್ತಿ ಮೇಲ್ಪದರದಂತೆ ತೋರಿಸುತ್ತಾರೆ. ರೆಕ್ಸಿನ್ ಮೇಲೆ ನೀರಿನ ಹನಿ ಜಾರುತ್ತದೆ, ಬಣ್ಣ ಸವೆದ ತೊಗಲು ಅದನ್ನು ಕುಡಿದು ಕಪ್ಪಾಗುತ್ತದೆ. ಇದೆಲ್ಲ ಅಲ್ಲಪ್ಪನಿಂದ ಕಲಿತದ್ದು. ಕಲಿತ ಮೇಲೆ ಬೇರೆ ಕೆಲಸ ರುಚಿಸಲಿಲ್ಲ. ಅವನು ಮಾಡಿದ ಅಪರಾಧ ಇಷ್ಟೇ.

ಸುದ್ದಿ ಮನೆ ಮುಟ್ಟಿದಾಗ ಸೀತಾಬಾಯಿ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು.

“ನೀ ನನ್ನ ಮಗಾನ. ಬಾ, ಹಿತ್ತಲದಾಗ ಜಳಕಾ ಮಾಡು, ಮಡಿ ಧೋತರ ಉಟ್ಕೋ, ಊಟಾ ಮಾಡು,” ಎಂದಳು. “ಆದ್ರ ನಿನ್ನ ಮನಿಗೆ ಮಾತ್ರ ನನ್ನ ಕರೀಬ್ಯಾಡ. ಸತ್ತ ಜೀವದ ತೊಗಲಿನ ನಡುವ ಕುಂತ್ರ ನನಗ ಣಮೋಕಾರ ಮಂತ್ರ ಬಾಯಾಗ ಬರೂದಿಲ್ಲ.”

ಗೋಕಾಕದಲ್ಲಿ ಅವನ ಮನೆ ಅಂಗಡಿಯ ಹಿಂದೆಯೇ ಇತ್ತು. ಅಂದಿನಿಂದ ಅವನಿಗಿದ್ದದ್ದು ಒಂದೇ ಆಸೆ, ಅವ್ವ ನಾಲ್ಕು ದಿನ ಅಲ್ಲಿ ಬಂದಿರಬೇಕು. ಮದುವೆಯಾಯಿತು. ಹೆಂಡತಿ ಪ್ರಣಿತಾ ಅತ್ತೆಗೆಂದೇ ಒಳಕೋಣೆ ಬೇರೆ ಮಾಡಿ, ನೀರು ಸೋಸುವ ಹೊಸ ಬಟ್ಟೆ ತೆಗೆದಿಟ್ಟು ಕಾದಳು. ಇಟ್ಟಲ್ಲೇ ಆ ಬಟ್ಟೆ ಹಳದಿಯಾಯಿತು. ಮಗಳು ಹುಟ್ಟಿದಳು, ಅಜ್ಜಿ ಮೊಮ್ಮಗಳನ್ನು ಯಮಕನಮರಡಿಗೇ ಕರೆಸಿಕೊಂಡು ನೋಡಿದಳು.

ಒಮ್ಮೆ ಮೂಡಲಗಿಯ ಡಾಕ್ಟರೊಬ್ಬರ ಮನೆಗೆ ರಿಪೇರಿಯಾದ ಕುರ್ಚಿ ಒಪ್ಪಿಸಲು ಹೋದ. ಡಾಕ್ಟರರ ತಾಯಿ ಆಗಲೇ ಅದರಲ್ಲಿ ಕಾಲು ಮಡಚಿ ಕುಳಿತು ಶೇಂಗಾ ಸುಲಿಯತೊಡಗಿದಳು. “ಬಿಸಲಾಗ ಇಡಬ್ಯಾಡ್ರಿ, ಮಳಿಗಾಲದಾಗ ಬೂಸು ಬಂದ್ರ ಒಣಾ ಅರಿವಿಲೆ ಒರಸ್ರಿ...” ಎಂದು ಎಲ್ಲರಿಗೂ ಹೇಳುವ ಪಾಠವನ್ನು ಬಾಹುಬಲಿ ಅರ್ಧಕ್ಕೇ ಮರೆತ. ಆ ಮುದುಕಿಯನ್ನೇ ನೋಡುತ್ತ ನಿಂತ. ಕೊಟ್ಟ ಚಹ ಆರಿಹೋಯಿತು. ಯಾರದೋ ಅವ್ವನನ್ನು ಕಂಡು ಅಷ್ಟು ಹೊಟ್ಟೆಕಿಚ್ಚು ಪಟ್ಟದ್ದಕ್ಕೆ ಬಸ್ಸಿನಲ್ಲಿ ತನಗೇ ನಾಚಿಕೆಯಾಯಿತು.

ಎರಡು ಸಾವಿರದ ಮೂರರಲ್ಲಿ ದೀಪಾವಳಿಗೆ ಊರಿಗೆ ಹೋದಾಗ ಮನೆಯಲ್ಲಿ ಹೊಸ ಕುರ್ಚಿಯಿತ್ತು. ಅವ್ವನಿಗೆ ಮೊಣಕಾಲು ನೋವು, ನೆಲದ ಮೇಲೆ ಕೂರಲಾಗುತ್ತಿರಲಿಲ್ಲ. ಹಿಡಕಲ್ ಡ್ಯಾಮಿನಿಂದ ವರ್ಗವಾಗಿ ಹೊರಟ ಇಂಜಿನಿಯರರೊಬ್ಬರು ಸಾಮಾನು ಮಾರುವಾಗ ಅಣ್ಣ ಜಿನೇಂದ್ರ ಆ ಕಂದು ಬಣ್ಣದ ಕುರ್ಚಿ ಕೊಂಡು ತಂದಿದ್ದ.

“ಮೂಸಿ ನೋಡೇ ತಂದೇನಿ. ವಾಸನಿ ಅನ್ನೂದ ಇಲ್ಲ. ರೆಕ್ಸಿನ್ ಐತಿ,” ಎಂದ ಜಿನೇಂದ್ರ.

ಆ ಮನೆಯವರಿಗೆ ತೊಗಲಿನ ಗುರುತೆಂದರೆ ಕಟ್ಟೆಯ ಮೇಲಿನ ಪರರ ಚಪ್ಪಲಿಯ ವಾಸನೆಯೊಂದೇ. ಜನ್ಮದಲ್ಲಿ ಮುಟ್ಟದವರಿಗೆ ಇನ್ನು ಹೇಗೆ ತಿಳಿಯಬೇಕು?

ಬಾಹುಬಲಿ ಹಿತ್ತಲಲ್ಲಿ ಜಳಕ ಮಾಡಿ ಬಂದು ಅವ್ವನೆದುರು ಕುಳಿತ. ಕುರ್ಚಿಯಲ್ಲಿ ಕುಳಿತು ಜಪಮಣಿ ಎಣಿಸುತ್ತಿದ್ದ ಅವಳು ನಡುವೆ ಸೋಸಿದ ನೀರಿನ ತಂಬಿಗೆ ಎತ್ತಿದಳು. ಒಂದು ಹನಿ ಕುರ್ಚಿಯ ತೋಳಿನ ಮೇಲೆ ಬಿತ್ತು. ಜಾರಲಿಲ್ಲ. ಬಿದ್ದಲ್ಲೇ ಇಂಗಿ ಕಪ್ಪು ಕಲೆಯಾಯಿತು. ಅವನು ಎದ್ದುಹೋಗಿ ಬೆರಳಾಡಿಸಿದ. ಮೇಲ್ಪದರದ ಎಮ್ಮೆ ತೊಗಲು. ಬಳಸಿ ಬಳಸಿ ವಾಸನೆ ಹೋಗಿತ್ತು, ಅಷ್ಟೇ.

ಈಗ ಒಂದು ಮಾತು ಹೇಳಿದರೆ ಸಾಕು. ನೀ ಕುಳಿತದ್ದೂ ತೊಗಲಿನ ಮೇಲೆಯೇ, ಣಮೋಕಾರ ಬಾಯಿಗೆ ಬರುತ್ತಲೇ ಇದೆ, ಇನ್ನು ನನ್ನ ಮನೆಗೆ ಬರಲು ಏನಡ್ಡಿ? ನ್ಯಾಯ ಅವನ ಕಡೆಗೇ ಇತ್ತು.

“ಯಾಕೋ, ಹಂಗ್ಯಾಕ ಮುಟ್ಟಿ ನೋಡಾಕತ್ತಿ?” ಎಂದಳು ಸೀತಾಬಾಯಿ. ಮಣಿಯ ಮೇಲಿನ ಬೆರಳು ನಿಂತಿತ್ತು. “ರೆಕ್ಸಿನ್ ಹೌದಲ್ಲೋ?”

ಯಾರಿಗೂ ಹೆದರದ ಆ ಮುಖದಲ್ಲಿ ಹೆದರಿಕೆ ಕಂಡಿತು. ನಿಜ ಗೊತ್ತಾದರೆ ಇವಳು ಉಪವಾಸ ಕೂಡುತ್ತಾಳೆ, ಮಾಡಿದ ಜಪವೆಲ್ಲ ಹಾಳಾಯಿತೆಂದು ಇರುವಷ್ಟು ದಿನ ಕೊರಗುತ್ತಾಳೆ. ಹಾಗೆ ಮುರಿದುಬಿದ್ದ ಅವ್ವನನ್ನು ಗೋಕಾಕಕ್ಕೆ ಕರೆದೊಯ್ದು ಅವನೇನು ಮಾಡಬೇಕಿತ್ತು?

“ಹೌದವ್ವಾ. ಚಲೋ ರೆಕ್ಸಿನ್ ಐತಿ,” ಎಂದ.

ಮಣಿಗಳು ಮತ್ತೆ ಸರಿದವು. ಅತ್ತಿಗೆ ತ್ರಿಶಲಾ ಹೊಳಪಿಗೆಂದು ಕೊಬ್ಬರಿ ಎಣ್ಣೆ ತಂದಾಗ ಮಾತ್ರ, ತೊಗಲು ಅದನ್ನು ಕುಡಿದು ಕಪ್ಪಾದರೆ ಗುಟ್ಟು ಬಯಲಾದೀತೆಂದು ಅವನು ಗಾಬರಿಯಾಗಿ ತಡೆದ. “ಬ್ಯಾಡ್ರಿ ವೈನಿ. ಜಿಡ್ಡ ಆಗಿ ಧೂಳ ಹಿಡಿತೈತಿ. ನಾನ ಬಂದ್ ಒರಸ್ತೇನಿ.”

ಅಂದಿನಿಂದ ತಿಂಗಳಿಗೊಮ್ಮೆಯಾದರೂ ಯಮಕನಮರಡಿಯ ಬಸ್ಸು ಹತ್ತುವುದು ರೂಢಿಯಾಯಿತು. ಕುರ್ಚಿಯನ್ನು ಕಿಟಕಿಯ ಬಿಸಿಲಿನಿಂದ ಸರಿಸುತ್ತಿದ್ದ. ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಒರೆಸಿ, ಹಿಂದೆಯೇ ಒಣಬಟ್ಟೆ ಆಡಿಸುತ್ತಿದ್ದ. ಅದಕ್ಕೆ ನಿಜವಾಗಿ ಬೇಕಿದ್ದದ್ದು ಮೇಣ ಬೆರೆಸಿದ ಮುಲಾಮು. ಆದರೆ ಆ ಮೇಣ ಜೇನುಗೂಡಿನದು. ಜೇನೂ ಆ ಮನೆಗೆ ನಿಷಿದ್ಧ. ಅವ್ವನ ತಲೆಗೆ ಇನ್ನೊಂದು ಪಾಪ ಕಟ್ಟಲು ಅವನಿಗೆ ಮನಸ್ಸಾಗಲಿಲ್ಲ. ತೋಳಿನ ಅಂಚಿನಲ್ಲಿ ಸಣ್ಣ ಬಿರುಕುಗಳೇಳುವುದನ್ನು ನೋಡಿಯೂ ಸುಮ್ಮನಿದ್ದ.

ಒಂದು ಮಧ್ಯಾಹ್ನ ಹಾಗೆ ಒರೆಸುತ್ತ ಕಾಲ ಬಳಿ ಕುಳಿತಿದ್ದ ಮಗನ ತಲೆಯನ್ನು ಸೀತಾಬಾಯಿ ಸವರಿದಳು.

“ಬಾಹೂ, ನಿನ್ನ ಮನಿಗೆ ಬರಬೇಕಂತ ನನಗ ಆಸೆ ಇಲ್ಲಂತ ತಿಳ್ಕೊಂಡಿಯೇನ? ದಿನಾ ಆಸೆ ಆಕ್ಕೈತಿ. ಈ ಮನ್ಯಾಗ ನೋಡು, ತೊಗಲ ಅನ್ನೂದ ಬೆರಳಷ್ಟೂ ಇಲ್ಲ. ನಿನ್ನ ಮನೀನೂ ಹಿಂಗ ಇದ್ದಿದ್ರ ನಾ ಯಾವಾಗೋ ಬಂದ್ ಇರತಿದ್ನಿ.”

ಹಾಗೆನ್ನುತ್ತ ಅವಳು ಕುರ್ಚಿಯ ತೋಳನ್ನು ಪ್ರೀತಿಯಿಂದ ತಟ್ಟಿದಳು. ತಲೆಯೆತ್ತಿದರೆ ಅವ್ವ ಮುಖ ನೋಡಿಯೇ ಎಲ್ಲ ತಿಳಿದುಬಿಡುತ್ತಾಳೆಂದು ಬಾಹುಬಲಿ ಬಗ್ಗಿಯೇ ಇದ್ದ.

“ಖರೆ ಐತವ್ವಾ,” ಎಂದ. “ಸ್ವಲ್ಪ ಕಾಲ ಎತ್ತು, ಕೆಳಗಿಂದ ಒರಸ್ತೇನಿ.”