ಎರಡು ಹಲ್ಲಿನ ನಗು

ಗಿರಿಜಾ, ನಮ್ಮ ಮನೆಯ ಪಡಸಾಲೆಯಲ್ಲಿ ತೂಗುಹಾಕಿರುವ ನಮ್ಮಪ್ಪನ ಫೋಟೋ ನಾನು ತೆಗೆದದ್ದಲ್ಲ. ನೀನು ತೆಗೆದದ್ದು. ಕೆಟ್ಟಿದೆ, ತೆಗೆದುಹಾಕು ಎಂದು ನಾನು ಹೇಳಿದ್ದೆನಲ್ಲ — ಅದೇ. ನಾಲ್ಕು ವರ್ಷದಿಂದ ಬಂದವರಿಗೆಲ್ಲ ಅದು ನನ್ನ ಕೈಚಳಕ ಎಂದು ಹೇಳಿಕೊಂಡು ಬಂದಿದ್ದೇನೆ.

ನಿನಗೆ ನೆನಪಿರಬೇಕು. ನೀನು ಹುನಗುಂದದಲ್ಲಿ ಕಾಲೇಜು ಮುಗಿಸಿದ ಹೊಸದು. ನಿಮ್ಮಣ್ಣನ ಹಳೆಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ವಾರಕ್ಕೊಮ್ಮೆ ಬಸ್ಸು ಹಿಡಿದು ಇಳಕಲ್ಲಿನ ನನ್ನ ಸ್ಟುಡಿಯೋಗೆ ನೀನು ಬರುತ್ತಿದ್ದೆ. ತೆಗೆಯುತ್ತಿದ್ದದ್ದು ಬರೀ ಮುಖಗಳನ್ನು. ಚಹಾ ಕೂಡ ಕುಡಿಯದೆ ಫೋಟೋಗಳನ್ನು ನನ್ನ ಕಂಪ್ಯೂಟರಿಗೆ ಇಳಿಸಿ, ಪಕ್ಕದಲ್ಲಿ ಕೈಕಟ್ಟಿ ನಿಂತುಬಿಡುತ್ತಿದ್ದೆ.

"ಅಣ್ಣಾರ, ಮಕ ನೋಡಿ ಮಣಿ ಹಾಕಬ್ಯಾಡ್ರಿ. ಖರೇ ಹೇಳ್ರಿ. ನಂದು ಅನ್ನೂದೊಂದು ರೀತಿ ಇದರಾಗ ಐತೋ ಇಲ್ಲೋ?"

ಖರೆಯನ್ನೇ ಹೇಳುತ್ತಿದ್ದೆ ಕೂಡ. ಅಮೀನಗಡದ ಮಿಠಾಯಿ ಅಂಗಡಿಯವನ ಫೋಟೋ ನೋಡಿ, ಅವನಿಗಿಂತ ಅವನ ಕರದಂಟೇ ಚೆನ್ನಾಗಿ ಬಂದಿದೆ ಎಂದಾಗ ನೀನು ಬಿದ್ದು ಬಿದ್ದು ನಕ್ಕೆ. ಮುಂದಿನ ವಾರ ಮತ್ತೆ ಅವನದೇ ಫೋಟೋ ತೆಗೆದು ತಂದೆ. ಬೈದಷ್ಟೂ ಬೆಳೆಯುವ ಹುಡುಗಿ. ನನಗೆ ನಿನ್ನ ಮೇಲೆ ಅಕ್ಕರೆ — ಇಂದಿಗೂ. ಅದಕ್ಕೇ ಈ ಮಾತಿಗೆ ನಾಲಿಗೆ ಏಳುತ್ತಿರಲಿಲ್ಲ.

ಆ ದಿನ ನೀನು ಮೊದಲು ನಮ್ಮ ಮನೆಗೆ ಹೋಗಿದ್ದೆ. ಅಪ್ಪ ಮಗ್ಗದ ಕುಣಿಯಲ್ಲಿ ಕೂತು ಸೀರೆಯ ಒಡಲಿಗೆ ಸೆರಗಿನ ಎಳೆ ಜೋಡಿಸುತ್ತಿದ್ದ. ಒಂದೊಂದೇ ಎಳೆ, ಒಂದೊಂದೇ ಕುಣಿಕೆ. ಆ ಕೆಲಸದ ನಡುವೆ ಅವನನ್ನು ಮಾತಾಡಿಸುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ನೀನು ಮಧ್ಯಾಹ್ನವೆಲ್ಲ ಕುಣಿಯ ದಂಡೆಯಲ್ಲಿ ಸುಮ್ಮನೆ ಕೂತಿದ್ದೆಯಂತೆ. ಕಡೆಗೆ ಅಪ್ಪನೇ ಮಾತು ತೆಗೆದು, ಮದುವೆ ಯಾವಾಗ ಎಂದು ಕೇಳಿದ್ದಾನೆ. ನೀನು — "ನಿಮ್ಮಂಗ ಎರಡು ಹಲ್ಲಿನ ವರಾ ಸಿಕ್ರ ನಾಳೇನ ಆಗ್ತೇನ್ರಿ ಮುತ್ಯಾ!"

ಅದಕ್ಕೆ ಅಪ್ಪ ನಕ್ಕ ಗಳಿಗೆಯ ಫೋಟೋ ಸಂಜೆ ನನ್ನ ಪರದೆಯ ಮೇಲೆ ಬಂತು. ಉಳಿದೆರಡು ಹಲ್ಲಿನ ನಡುವೆ ಕಚ್ಚಿಕೊಂಡ ಕೆಂಪು ರೇಷ್ಮೆ ಎಳೆ, ನಗುವಿಗೆ ಮುಚ್ಚಿಹೋದ ಕಣ್ಣು, ಬೆವರಿಗೆ ಕದಡಿದ ಹಣೆಯ ವಿಭೂತಿ. ಮುಖ ತೆಗೆಯುವುದನ್ನೇ ಕಸುಬು ಮಾಡಿಕೊಂಡ ನಾನು ನಮ್ಮಪ್ಪನ ಈ ಮುಖ ನೋಡಿಯೇ ಇರಲಿಲ್ಲ. ನೀನು ಹುಡುಕುತ್ತಿದ್ದ ನಿನ್ನದೇ ರೀತಿ ಅಲ್ಲಿ ಸಿಕ್ಕಿತ್ತು, ಗಿರಿಜಾ. ಅದನ್ನು ನಿನಗೆ ಹೇಳಬೇಕಾದವನು ನಾನೊಬ್ಬನೇ ಇದ್ದೆ. ಏನಂದೆ?

"ಕಣ್ಣು ಮುಚ್ಯಾವಲ್ಲವ್ವಾ. ಕ್ಯಾಮೆರಾ ನೋಡಲಿಲ್ಲಂದ್ರ ಅದು ಫೋಟೋನ ಅಲ್ಲ. ಡಿಲೀಟ್ ಮಾಡು."

ಕಣ್ಣು ಮುಚ್ಚಿದರೆ ಫೋಟೋ ಕೆಟ್ಟಿತು ಎಂಬುದು ನಮ್ಮ ಸ್ಟುಡಿಯೋದವರ ಮೊದಲ ಪಾಠ. ಆ ಪಾಠದ ಹಿಂದೆ ನನ್ನ ಹೊಟ್ಟೆಕಿಚ್ಚನ್ನು ಅಡಗಿಸಿಟ್ಟೆ. ನೀನು ನನ್ನೆದುರೇ ಕ್ಯಾಮೆರಾದಿಂದ ಅದನ್ನು ತೆಗೆದುಹಾಕಿದೆ. ನಾನೂ ನನ್ನ ಕಂಪ್ಯೂಟರಿನಿಂದ ಅಳಿಸುತ್ತೇನೆ ಎಂದುಕೊಂಡಿರಬೇಕು ನೀನು. ಅಲ್ಲಿ ಅದು ಹಾಗೇ ಉಳಿದಿತ್ತು — ಅದು ನನಗೆ ಗೊತ್ತಿತ್ತು.

ಆಮೇಲೆ ನಿನ್ನ ಫೋಟೋಗಳಲ್ಲಿ ಎಲ್ಲರೂ ಸೆಟೆದು ನಿಂತು ಕಣ್ಣರಳಿಸಿ ಕ್ಯಾಮೆರಾ ನೋಡತೊಡಗಿದರು. ಎಲ್ಲ ಆಧಾರ್ ಕಾರ್ಡಿನ ಮುಖಗಳು. "ಈಗ ಬರೋಬ್ಬರಿ" ಎಂದು ನಾನು ಹೊಗಳಿದೆ. ಮೂರು ತಿಂಗಳಿಗೆ ನೀನು ಬರುವುದೇ ನಿಂತಿತು. ವಿದ್ಯಾಗಿರಿಯ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೀ, ಕ್ಯಾಮೆರಾ ಟ್ರಂಕು ಸೇರಿದೆ ಎಂದು ಯಾರೋ ಹೇಳಿದರು.

ಮರುವರ್ಷ ಅಪ್ಪ ಹೋದ. ಗೋಡೆಗೆ ಹಾಕಲೆಂದು ನಾನು ತೆಗೆದ ಅವನ ಫೋಟೋಗಳನ್ನೆಲ್ಲ ಹರವಿದೆ. ಎಲ್ಲದರಲ್ಲೂ ಗಿರಾಕಿಯ ಹಾಗೆ ಕೂತಿದ್ದ. ಕೊನೆಗೆ ನಿನ್ನದಕ್ಕೇ ಚೌಕಟ್ಟು ಹಾಕಿಸಿದೆ. ತೀರಿಕೊಂಡವರ ಫೋಟೋಗೆ ಕಂಪ್ಯೂಟರಿನಲ್ಲಿ ವಿಭೂತಿ ಹಚ್ಚಿ ಕೊಡುವುದು ನನ್ನ ರೂಢಿ. ಇದಕ್ಕೆ ಅದೂ ಬೇಕಾಗಲಿಲ್ಲ. ಯಾರು ತೆಗೆದದ್ದು ಎಂದು ಬೀಗರು ಕೇಳಿದರು. "ನಾನ" ಎಂದೆ. ಆಮೇಲೆ ಯಾರು ಹೊಗಳಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ. ಆದರೂ ಮಾತು ಬದಲಿಸಲಿಲ್ಲ.

ಸುದ್ದಿ ತಿಳಿದು ನೀನು ಫೋನ್ ಮಾಡಿದಾಗ ನಾನು ಆ ಫೋಟೋದ ಕೆಳಗೇ ನಿಂತಿದ್ದೆ. "ಮುತ್ಯಾಂದು ಒಂದರ ಚಲೋ ಫೋಟೋ ಉಳೀಬೇಕಿತ್ರಿ ಅಣ್ಣಾರ. ನಾನ ಕೆಡಿಸಿಬಿಟ್ಟೆ," ಎಂದು ಬಿಕ್ಕಿದೆ. ನಾನು — "ಇರಲಿ ಬಿಡವ್ವಾ" ಎಂದೆ. ಕ್ಷಮಿಸಿದವನ ಹಾಗೆ! ನಾನು ಮಾಡಿದ್ದರಲ್ಲೆಲ್ಲ ಹೇಸಿಗೆಯದು ಇದೇ.

ನಿನ್ನೆ ಅವ್ವ, ತನ್ನದೂ ಒಂದು ಫೋಟೋ ಇರಲಿ ಎಂದಳು. ಸೆರಗು ಸರಿಮಾಡಿಕೊಂಡು ಅಪ್ಪನ ಫೋಟೋದ ಎದುರು ಕೂತಳು. "ಇತ್ತ ನೋಡವ್ವಾ" ಎನ್ನಲು ಬಾಯಿ ತೆರೆದವನು, ಯಾಕೋ — ಕ್ಯಾಮೆರಾ ಕೆಳಗಿಟ್ಟು ಎಲ್ಲ ಹೇಳಿಬಿಟ್ಟೆ.

"ಗೊತ್ತೈತಿ," ಎಂದಳು. "ಆಕಿ ಎರಡು ಹಲ್ಲಿನ ವರಾ ಅಂದಾಗ ನಾ ಅಲ್ಲೇ ಕುಂತು ನೂಲು ಸುತ್ತಾಕತ್ತಿದ್ನಲ್ಲ."

"ಮತ್ತ ಇಷ್ಟು ವರ್ಷ ಯಾಕ ಸುಮ್ನಿದ್ದಿ?"

"ನೀನ ಹೇಳ್ತಿ ಅಂತ."

ಎದ್ದು ನಿಂತಳು. "ನನ್ನ ಫೋಟೋ ಆಕಿನ ತಗೀಲಿ. ಕರಿ ಆಕಿನ್ನ."

ಅದಕ್ಕೇ ಬರೆಯುತ್ತಿದ್ದೇನೆ. ನನ್ನದೆಂದು ಯಾರ್‍ಯಾರಿಗೆ ಹೇಳಿದ್ದೆನೋ ಅವರ ಮನೆಗೆಲ್ಲ ಹೋಗಿ ನಿನ್ನ ಹೆಸರು ಹೇಳಿ ಬರುತ್ತೇನೆ. ನಿನ್ನ ಫೋಟೋ ಇದರ ಜೊತೆಗಿದೆ. ನನ್ನನ್ನು ಮಾತಾಡಿಸಲೇಬೇಕೆಂದಿಲ್ಲ; ನೀನು ಬರುವ ದಿನ ನಾನು ಸ್ಟುಡಿಯೋದಲ್ಲೇ ಇದ್ದುಬಿಡುತ್ತೇನೆ. ಆದರೆ ಟ್ರಂಕಿನಿಂದ ಕ್ಯಾಮೆರಾ ತೆಗೆದು, ಒಮ್ಮೆ ಬಾ. ಅವ್ವನೂ ನಕ್ಕರೆ ಕಣ್ಣು ಮುಚ್ಚುತ್ತಾಳೆ. ಹಾಗೇ ತೆಗೆ.