ಎಮ್ಮೆಗೆ ಹೇಳಿದ ಮಾತು

ಶಾಂತಿ ಕಟ್ಟುವುದು ಹೇಗೆಂದು ಜನರಿಗೆ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಹೀಗೆಂದರೆ ಕಡೂರಿನ ನಮ್ಮ ನೆಂಟರು ಗಾರೆ ಕೆಲಸವೇನೋ ಅಂದುಕೊಳ್ಳುತ್ತಾರೆ. ಬಿಡಿಸಿ ಹೇಳಿದರೆ ಇನ್ನೂ ಅಧ್ವಾನ. "ಜಗಳ ಬಿಡ್ಸೋಕೂ ಸಂಬಳ ಕೊಡ್ತಾರಾ?" ಎಂದು ನನ್ನ ನಾದಿನಿ ಒಮ್ಮೆ ಕೇಳಿ, ನನ್ನ ಗಂಡನ ಮುಖ ನೋಡಿ, ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು.

ಕೆಲಸ ಇಷ್ಟೇ. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಊರಿನ ಕೆಲಸಕ್ಕೆಂದು ಓಡಾಡುವ ಇಪ್ಪತ್ತೋ ಇಪ್ಪತ್ತೈದೋ ಜನರನ್ನು ಒಂದೆಡೆ ಕೂರಿಸಿ, ನೀರಿನ ಜಗಳ, ದಾರಿಯ ಜಗಳ, ಗೋಮಾಳದ ಜಗಳ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಮಾತಿನಲ್ಲಿ ಇತ್ಯರ್ಥವಾಗುವ ಬಗೆ ಕಲಿಸುವುದು. ಜಗಳ ನಿಂತರೆ ತಾನೇ ಕೆರೆಯ ಹೂಳು ತೆಗೆಯುವುದು, ಶಾಲೆಗೆ ಕಾಂಪೌಂಡ್ ಕಟ್ಟಿಸುವುದು! ಶಾಂತಿ ಮತ್ತು ಅಭಿವೃದ್ಧಿ ಒಂದೇ ನೊಗದ ಎರಡು ಎತ್ತುಗಳು ಎಂದು ನಮ್ಮ ಕೈಪಿಡಿಯ ಮೊದಲ ಪುಟದಲ್ಲಿದೆ. ಬರೆದವರು ಎತ್ತು ಹೂಡಿದವರಲ್ಲ ಎಂಬುದು ಎರಡನೇ ಪುಟದಲ್ಲಿ ಗೊತ್ತಾಗುತ್ತದೆ.

ನನ್ನದು ಹುಟ್ಟಾ ಚಿಂತೆಯ ಜಾತಕ. ತರಬೇತಿಗೆ ಜನ ಬರುವುದಿಲ್ಲ ಎಂದು ಮೂರು ದಿನ ಮೊದಲೇ ಚಿಂತೆ ಶುರು. ಬಂದರೆ, ಅನ್ನ ಸಾಲುವುದಿಲ್ಲ ಎಂದು. ಅನ್ನ ಉಳಿದರೆ, ಪಾಠ ರುಚಿಸದೆ ಊಟವೂ ರುಚಿಸಲಿಲ್ಲವೇನೋ ಎಂದು. ಐವತ್ತು ದಾಟಿದ ಮೇಲೆ ಚೀಲದಲ್ಲಿ ಎರಡು ಛತ್ರಿ ಇಟ್ಟುಕೊಳ್ಳುತ್ತೇನೆ, ಒಂದು ಕಳೆದುಹೋದರೆ ಇರಲಿ ಎಂದು. ಇಷ್ಟೆಲ್ಲ ಚಿಂತಿಸುವವಳು ನಿಜಕ್ಕೂ ಚಿಂತಿಸಬೇಕಾದ ಕಡೆ ಮಾತ್ರ ನಿಶ್ಚಿಂತೆಯಿಂದ ಇದ್ದುಬಿಟ್ಟೆ.

ಅವತ್ತು ಕಡೂರಿನಲ್ಲಿ ತರಬೇತಿಯ ಎರಡನೇ ದಿನ. ಮೇ ತಿಂಗಳ ಕೊನೆ, ಮಳೆ ಬಂದ ಹಾಗೆ ಮಾಡಿ ಹಿಂದಿರುಗಿತ್ತು. ನಾನು ಕೈಪಿಡಿಯ ಕತೆ ಹೇಳಿದೆ: ಇಬ್ಬರು ಅಕ್ಕತಂಗಿಯರು ಒಂದು ತೆಂಗಿನಕಾಯಿಗಾಗಿ ಕಿತ್ತಾಡುತ್ತಾರೆ, ಕೊನೆಗೆ ಕೂತು ಮಾತಾಡಿದರೆ ಒಬ್ಬಳಿಗೆ ಬೇಕಿದ್ದದ್ದು ಕಾಯಿ, ಇನ್ನೊಬ್ಬಳಿಗೆ ಚಿಪ್ಪು.

"ಚಿಪ್ಪು ಬೇಕು ಅಂತ ಯಾವಳು ಮೇಡಂ ಜಗಳ ಆಡ್ತಾಳೆ?" ಎಂದರು ತರೀಕೆರೆ ಕಡೆಯ ಹಿರಿಯರೊಬ್ಬರು. ಅವರು ಬಹಳ ವರ್ಷ ನೀರುಗಂಟಿಯಾಗಿದ್ದವರು, ಊರ ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚಿದವರು. "ನಮ್ಮ ಕಡೆ ಚಿಪ್ಪು ಕೈಗೆ ಬಂತು ಅಂದ್ರೆ ಮೋಸ ಹೋದ್ರು ಅಂತ ಅರ್ಥ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಬೆವರಿದೆ, ಕತೆ ಬಿಟ್ಟು ನೇರ ಪಾಠಕ್ಕೆ ಬಂದೆ. "ನಿಮ್ಮಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದೀರಿ?"

ಪಂಚನಹಳ್ಳಿ ಹತ್ತಿರದ ಒಂದು ಊರಿನಿಂದ ಬಂದಿದ್ದ ಹೆಣ್ಣುಮಗಳು ಕೈ ಎತ್ತಿದಳು. ಮೂವತ್ತೈದರ ಆಸುಪಾಸು, ಊರಿನ ಮಹಿಳಾ ಸಂಘ ನಡೆಸುವವಳು, ಹೇಳಿದ್ದನ್ನೆಲ್ಲ ಅಕ್ಷರ ತಪ್ಪದೆ ಬರೆದುಕೊಳ್ಳುವವಳು. ತರಬೇತುದಾರರಿಗೆ ಇಂಥವರನ್ನು ಕಂಡರೆ ಪ್ರೀತಿ. ಅಪಾಯ ಇರುವುದೇ ಇಂಥವರಲ್ಲಿ ಎಂದು ಆಗ ಗೊತ್ತಿರಲಿಲ್ಲ.

"ನಮ್ಮ ವಾರಗಿತ್ತಿ ಜೊತೆ ಮೇಡಂ," ಎಂದಳು. ಅಂದರೆ ಗಂಡನ ಅಣ್ಣನ ಹೆಂಡತಿ. "ಭಾಗ ಆದಾಗ ರುಬ್ಬೋ ಕಲ್ಲು ಯಾರಿಗೆ ಅಂತ ಮಾತಿಗೆ ಮಾತು ಬೆಳೀತು. ನಾಕು ವರ್ಷ ಆಯ್ತು. ಈಗ ಇಬ್ರ ಮನೇಲೂ ಮಿಕ್ಸಿ ಐತೆ."

"ಗಂಡಸರು?"

"ಅವರು ಚೆನ್ನಾಗವ್ರೆ. ಹೋಟ್ಲಲ್ಲಿ ಒಟ್ಟಿಗೆ ಕೂತು ಟೀ ಕುಡೀತಾರೆ. ಮಾತಾಡ್ತಾರೆ, ಕೆಲಸ ಮಾಡಲ್ಲ. ನಾವು ಮಾತಾಡಲ್ಲ, ಕೆಲಸ ಮಾಡ್ತೀವಿ."

ಬೋರ್‌ವೆಲ್ ಒಂದೇ. ಖಾತೆ ಗಂಡನ ಅಣ್ಣನ ಹೆಸರಿನಲ್ಲಿದೆ, ನೀರು ಇಬ್ಬರಿಗೂ. ಮಾತಿಲ್ಲದೆ ನೀರಿನ ಸರದಿ ಹೇಗೆ ಹೊಂದಿಸುತ್ತೀರಿ ಎಂದು ಕೇಳಿದೆ.

"ಎಮ್ಮೆಗೆ ಹೇಳ್ತೀವಿ ಮೇಡಂ."

ಎರಡು ಮನೆಗಳ ನಡುವಿನ ಅಂಗಳದಲ್ಲಿ ದೊಡ್ಡಾಕೆಯ ಎಮ್ಮೆ ಕಟ್ಟಿರುತ್ತದೆ. ಚಿಕ್ಕಾಕೆ, ಅಂದರೆ ಇವಳು, ಬಾಗಿಲಲ್ಲಿ ನಿಂತು, "ಏ ಎಮ್ಮೆ, ನಾಳೆ ಬೆಳಿಗ್ಗೆ ಕರೆಂಟ್ ಬಂದ್ರೆ ಮೊದ್ಲು ನಾನು ನೀರು ಹಾಯಿಸ್ಕೊಂತೀನಿ ಕಣೇ," ಎನ್ನುತ್ತಾಳೆ. ಒಲೆಯ ಮುಂದಿನಿಂದ ದೊಡ್ಡಾಕೆ, "ಹಾಯಿಸ್ಕೊಂಡ್ರೆ ಹಾಯಿಸ್ಕೊಳ್ಳಿ ಬಿಡೇ ಎಮ್ಮೆ, ಹತ್ತು ಗಂಟೆ ಮೇಲೆ ನನ್ನ ತೆಂಗಿನ ಬುಡಕ್ಕೆ ಬೇಕು," ಎನ್ನುತ್ತಾಳೆ. ಅಷ್ಟೇ. ಎಮ್ಮೆಯ ಮುಂದೆ ಸುಳ್ಳು ಹೇಳುವಂತಿಲ್ಲ, ತವರುಮನೆಯ ಸುದ್ದಿ ಎತ್ತುವಂತಿಲ್ಲ, ಒಮ್ಮೆ ಹೇಳಿದ ಮೇಲೆ ತಪ್ಪುವಂತಿಲ್ಲ. ನಾಲ್ಕು ವರ್ಷದಲ್ಲಿ ಒಂದು ದಿನವೂ ಸರದಿ ತಪ್ಪಿಲ್ಲ.

ತರಗತಿ ಚಪ್ಪಾಳೆ ತಟ್ಟಿತು. ನಾನು ಮಾತ್ರ ಕೈಪಿಡಿ ತೆರೆದೆ. ಅದರಲ್ಲಿ ಇಂಥದ್ದಕ್ಕೆ ಒಂದು ಹೆಸರಿತ್ತು, ಆ ಹೆಸರು ರೋಗದ ಹೆಸರಿನ ಹಾಗಿತ್ತು. ಮದ್ದೂ ಅಲ್ಲೇ ಇತ್ತು: ಕಣ್ಣಲ್ಲಿ ಕಣ್ಣಿಟ್ಟು ನೇರವಾಗಿ ಮಾತಾಡುವುದು, "ನೀವು ಹೀಗೆ ಮಾಡಿದಾಗ ನನಗೆ ಹೀಗನ್ನಿಸುತ್ತದೆ" ಎನ್ನುವುದು. ಅದನ್ನು ಚಾರ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಊರಿಗೆ ಹೋಗಿ ಮಾಡಿಕೊಂಡು ಬರಬೇಕೆಂದು ಅವಳಿಗೆ ಅಭ್ಯಾಸ ಕೊಟ್ಟೆ.

"ಮೇಡಂ, ಓಡ್ತಿರೋ ಗಾಡಿ ಚಕ್ರದ ಕಡಾಣಿ ಯಾಕೆ ಕೀಳ್ತೀರಿ?" ಎಂದರು ನೀರುಗಂಟಿ ಹಿರಿಯರು.

ಕೈಪಿಡಿಯ ಪ್ರಕಾರ ಇಂಥ ಪ್ರಶ್ನೆಗೆ ಮುಗುಳ್ನಗಬೇಕು. ನಕ್ಕೆ.

ತರಬೇತಿ ಮುಗಿದ ನಾಲ್ಕನೇ ದಿನ ಬೆಳಿಗ್ಗೆ ಅವಳ ಫೋನು ಬಂತು. ಧ್ವನಿಯಲ್ಲೇ ನೀರು ಆರಿತ್ತು.

"ನೀವು ಹೇಳಿದಂಗೇ ಮಾಡ್ದೆ ಮೇಡಂ. ಸುರಕ್ಷಿತ ವಾತಾವರಣ ಇರ್ಬೇಕು ಅಂದಿದ್ರಲ್ಲ, ಅದಕ್ಕೆ ಸಂಘದ ನಾಕು ಜನಾನೂ ಕರ್ಕೊಂಡು ಹೋಗಿದ್ದೆ. ಅಕ್ಕಾ, ನೀವು ಮಾತು ಬಿಟ್ಟಾಗಿಂದ ನಂಗೆ ನೋವಾಗ್ತೈತೆ ಅಂದೆ. ಕಣ್ಣಲ್ಲಿ ಕಣ್ಣಿಟ್ಟೇ ಅಂದೆ."

"ಏನಂದರು?"

"ನನ್ನ ಬಾಗಿಲಿಗೇ ಪಂಚಾಯ್ತಿ ತಂದ್ಯೇನೇ ಅಂದ್ರು. ಆಮೇಲೆ ಇಬ್ರೂ ನಾಕು ವರ್ಷದ್ದೆಲ್ಲ ಸೇರ್ಸಿ ಬೈದಾಡ್ಕೊಂಡ್ವಿ. ಈಗ ಮೋಟ್ರು ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಹಾಕವ್ರೆ. ಎಮ್ಮೇನೂ ಹಿತ್ಲಿಗೆ ಕಟ್ಟವ್ರೆ, ನನ್ನ ಕಣ್ಣಿಗೂ ಬೀಳದಂಗೆ. ಈರುಳ್ಳಿ ಸಸಿ ಆರು ಪಾತಿ ಹಾಕಿದ್ದೆ ಮೇಡಂ. ಇನ್ನು ಹದಿನೈದು ದಿನಕ್ಕೆ ಕಿತ್ತು ನಾಟಿ ಮಾಡ್ಬೇಕಿತ್ತು. ಮೂರು ದಿನದಿಂದ ನೀರಿಲ್ಲ. ಇನ್ನೆರಡು ದಿನ ಹಿಂಗೇ ಬಿಸ್ಲು ಕಾದ್ರೆ ಒಂದೂ ಉಳಿಯಲ್ಲ."

ಆಗ ಬಂತು ನೋಡಿ ನನಗೆ ಚಿಂತೆ, ತಡವಾದರೂ ಬಡ್ಡಿ ಸಮೇತ. ಗಂಡ ತಿಂಡಿಗೆ ಕೂತಿದ್ದರು. ವಿಷಯ ಕೇಳಿ, "ಈರುಳ್ಳಿ ಕತ್ತರಿಸದೇನೇ ಅಳಿಸಿದ್ದೀಯಲ್ಲ ಮಾರಾಯ್ತಿ," ಎಂದರು. ನಾನು ಎರಡು ಛತ್ರಿಯ ಚೀಲ ಎತ್ತಿಕೊಂಡು ಪಂಚನಹಳ್ಳಿ ಬಸ್ಸು ಹತ್ತಿದೆ. ಕೈಪಿಡಿಯೂ ಚೀಲದಲ್ಲಿತ್ತು. ದಾರಿಯುದ್ದಕ್ಕೂ ಓದಿದೆ. ವಾರಗಿತ್ತಿ ಎಂಬ ಪದವೇ ಅದರಲ್ಲಿರಲಿಲ್ಲ.

ಮೊದಲು ಹೊಲಕ್ಕೇ ಹೋದೆ. ಚಿಕ್ಕಾಕೆ ಬೀದಿ ನಲ್ಲಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಂದು, ಪಾತಿಗಳಿಗೆ ಕೈಯಲ್ಲಿ ಚಿಮುಕಿಸುತ್ತಿದ್ದಳು, ಮದುವೆಯಲ್ಲಿ ಪನ್ನೀರು ಎರಚುವ ಹಾಗೆ. ನೆಲ ಅದನ್ನು ಕುಡಿದೂ ಕುಡಿಯದ ಹಾಗಿತ್ತು. ಅಂಚಿನ ಎರಡು ಪಾತಿಗಳ ಸಸಿ ಆಗಲೇ ಹಳದಿ ತಿರುಗಿ ನೆಲಕ್ಕೆ ಒರಗಿದ್ದವು. ಉಳಿದ ನಾಲ್ಕರ ತುದಿ ಬಾಡಿತ್ತು. ನನ್ನನ್ನು ಕಂಡವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಂದ್ರಾ ಮೇಡಂ, ನಡೀರಿ, ಕಾಫಿ ಕುಡೀರಿ," ಎಂದಳು.

ಕಾಫಿ ಆಮೇಲೆ ಎಂದು ನೇರ ದೊಡ್ಡಾಕೆಯ ಮನೆಗೆ ಹೋದೆ. ಐವತ್ತರ ಹತ್ತಿರದ, ಹಣೆ ತುಂಬ ವಿಭೂತಿಯ ಹೆಂಗಸು. ನನ್ನನ್ನು ನೋಡಿದ ಕೂಡಲೇ ಯಾರಿರಬಹುದೆಂದು ಊಹಿಸಿದರು. ಜಗಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಬೇಯಿಸಿದ ಕಡಲೆಕಾಯಿ ಮುಂದಿಟ್ಟರು. ನಮ್ಮ ಕಡೆ ಇಷ್ಟು ಮರ್ಯಾದೆ ಮಾಡುತ್ತಾರೆಂದರೆ ಮುಂದೆ ಬರುವುದಕ್ಕೆ ಗಟ್ಟಿಯಾಗಿ ಕೂರಬೇಕು.

"ನೀವೇನಾ ಅವಳಿಗೆ ಹೇಳ್ಕೊಟ್ಟೋರು?"

"ಹೌದು."

"ನೋವಾಗ್ತೈತಂತೆ. ನಾಕು ಜನರ ಮುಂದೆ ನಂಗೆ ನೋವಾಗ್ತೈತೆ ಅಂದ್ರೆ ಏನರ್ಥ ಮೇಡಂ? ನೋಯ್ಸಿದೋಳು ನಾನು ಅಂತ ತಾನೆ? ಊರೆಲ್ಲಾ ಅದೇ ಮಾತಾಗೈತೆ. ನಾನು ಮನೆಯಿಂದ ಹೊರಗೆ ಬರಂಗಿಲ್ಲ."

ಎದುರಿನವರ ಮಾತನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಿದರೆ ಅವರ ಮನಸ್ಸು ಹಗುರಾಗುತ್ತದೆ ಎಂದು ಹತ್ತಾರು ಊರುಗಳಲ್ಲಿ ಪಾಠ ಮಾಡಿದ್ದೇನೆ. "ಅಂದರೆ, ನಿಮಗೆ ಬೇಜಾರಾಗಿದೆ ಅಂತೀರಿ," ಎಂದೆ.

"ಅದನ್ನೇ ತಾನೆ ಈಗ ಹೇಳಿದ್ದು? ಕಿವಿ ಮಂದವಾ ನಿಮಗೆ?"

ಪಕ್ಕದ ಮನೆಯ ಇಬ್ಬರು ಹೆಂಗಸರು ಆಗಲೇ ಗೋಡೆಯ ಹತ್ತಿರ ಬಂದಿದ್ದರು. ಒಬ್ಬರ ಕೈಯಲ್ಲಿ ಮೊರವಿತ್ತು, ಮೊರದಲ್ಲಿ ಏನೂ ಇರಲಿಲ್ಲ.

"ಎಮ್ಮೆ ಹತ್ರ ಹೇಳಿದಾಗ ಯಾವತ್ತಾದ್ರೂ ನಾನು ನೀರು ತಪ್ಸಿದ್ದೀನಾ? ಕೇಳಿ ಅವಳನ್ನೇ," ಎಂದರು ದೊಡ್ಡಾಕೆ. ಚಿಕ್ಕಾಕೆ ಅಷ್ಟರಲ್ಲಿ ತನ್ನ ಬಾಗಿಲಲ್ಲಿ, ಖಾಲಿ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. "ಇಲ್ಲ ಮೇಡಂ, ಒಂದಿನಾನೂ ತಪ್ಸಿಲ್ಲ," ಎಂದಳು, ನನ್ನ ಕಡೆಗೇ ನೋಡುತ್ತ.

"ಬೀಗ ತೆಗೀದೆ ಇರೋಕೆ ನಾನೇನು ರಾಕ್ಷಸಿನಾ ಮೇಡಂ? ಆದ್ರೆ ಈಗ ತೆಗೆದ್ರೆ ತಪ್ಪು ಒಪ್ಕೊಂಡಂಗೆ."

"ತಪ್ಪಾಯ್ತು ಅನ್ನೋಕೆ ನಂದೇನು ತಪ್ಪು ಮೇಡಂ? ಪಾಠದಲ್ಲಿ ಇದ್ದಿದ್ದು ಮಾಡ್ದೆ."

"ದಿಬ್ಬಣ ಹೊರಟಂಗೆ ನಾಕು ಜನಾನ ಕರ್ಕೊಂಡು ಬಂದ್ಳಲ್ಲ, ಒಬ್ಬಳೇ ಬಂದಿದ್ರೆ ನಾನೇನು ತಿಂದ್ಬಿಡ್ತಿದ್ನಾ ಮೇಡಂ?"

"ಒಬ್ಬಳೇ ಬರೋಕೆ ಹೆದ್ರಿಕೆ ಆಯ್ತು ಮೇಡಂ."

ಒಬ್ಬರನ್ನೊಬ್ಬರು ನೋಡುತ್ತಿಲ್ಲ. ಮೇಡಂ ಅಂತ ಕೇಳಿದಾಗಲೆಲ್ಲ ನನ್ನ ಕತ್ತು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗುತ್ತಿತ್ತು. ಬಾಯಲ್ಲಿ ಕಡಲೆಕಾಯಿ. ಇದು ಸರಿಯಾದ ಸಮಯ, ಇಬ್ಬರ ಸಾಮಾನ್ಯ ಹಿತ ಯಾವುದು ಎಂದು ಎತ್ತಿ ತೋರಿಸಬೇಕು ಎಂದು ಬಾಯಿ ತೆರೆದೆ.

"ನೀವು ಸುಮ್ಕಿರಿ ಮೇಡಂ," ಎಂದರು ದೊಡ್ಡಾಕೆ. "ಎಮ್ಮೆ ಎಲ್ಲಾದ್ರೂ ಮಾತಾಡ್ತದಾ?"

ಗೋಡೆಯ ಹತ್ತಿರದವರು ಮೊರದಿಂದ ಮುಖ ಮುಚ್ಚಿಕೊಂಡರು. ಚಿಕ್ಕಾಕೆಯ ಬಿಂದಿಗೆ ಸೊಂಟದಿಂದ ಜಾರಿತು. ನಗು ತಡೆದುಕೊಂಡಿದ್ದರಿಂದ ಎಂದು ನನಗನ್ನಿಸಿತು. ನಾನು ಬಾಯಿ ಮುಚ್ಚಿದೆ. ಸಿಟ್ಟು ಬಂತೇ ಎಂದರೆ ಬಂತು, ಸ್ವಲ್ಪ. ಇಪ್ಪತ್ತು ವರ್ಷದ ಅನುಭವ ಎಂದು ಹಾಳೆಗಳಲ್ಲಿ ಬರೆದುಕೊಳ್ಳುವವಳು ನಾನು. ಆದರೆ ಆ ನಾಲ್ಕು ಪಾತಿಗಳು ಕಣ್ಣ ಮುಂದಿದ್ದವು, ಬಿಸಿಲು ನೆತ್ತಿಗೆ ಏರುತ್ತಿತ್ತು. ಇಬ್ಬರೂ ಹಿಂದೆ ಸರಿಯಲು ಸಿದ್ಧರಿದ್ದಾರೆ, ಹಿಂದೆ ಜಾಗವಿಲ್ಲ ಎಂಬುದು ನನ್ನಂಥವಳಿಗೂ ಹೊಳೆಯಿತು.

ಎದ್ದು ನಿಂತೆ. ಗೋಡೆಯ ಕಡೆಯವರಿಗೂ ಕೇಳುವ ಹಾಗೆ, "ಇದರಲ್ಲಿ ಇವರಿಬ್ಬರದೂ ತಪ್ಪಿಲ್ಲ. ತಪ್ಪು ಹೇಳಿಕೊಟ್ಟಿದ್ದು ನಾನು. ಮನೆ ವಿಷಯ ತಿಳಿಯದೆ ತಲೆ ಹಾಕಿದೆ. ನಂದೇ ತಪ್ಪು," ಎಂದೆ. ಕೇಳಿಸಲಿಲ್ಲವೇನೋ ಎಂಬ ಚಿಂತೆಗೆ ಎರಡನೇ ಸಲ ಇನ್ನೂ ಜೋರಾಗಿ ಹೇಳಿದೆ.

"ಕೇಳಿದ್ರೇನ್ರೇ?" ಎಂದರು ದೊಡ್ಡಾಕೆ ಗೋಡೆಯತ್ತ ತಿರುಗಿ. "ಮೇಡಂನೋರೇ ಒಪ್ಕೊಂಡ್ರು."

"ಓದಿದೋರು ಅಂದ್ರೆ ಹಿಂಗಿರ್ಬೇಕು ನೋಡು," ಎಂದಿತು ಗೋಡೆ. ಸಂಜೆಯೊಳಗೆ ಊರೆಲ್ಲ ಹಬ್ಬುತ್ತದೆಂದು ಗ್ಯಾರಂಟಿಯಾಯಿತು. ನೋಯಿಸಿದವಳು ಈಗ ಕಡೂರಿನಿಂದ ಬಂದ ನಾನು.

ದೊಡ್ಡಾಕೆ ಒಳಗೆ ಹೋಗಿ ಬೀಗದ ಕೈ ತಂದು ಜಗಲಿಯ ತುದಿಯಲ್ಲಿಟ್ಟರು. "ಇದು ಇಲ್ಲೇ ಇರ್ತದೆ ಮೇಡಂ. ಯಾರು ತಗೊಂಡ್ರು, ಯಾವಾಗ ತಗೊಂಡ್ರು, ನಾನು ನೋಡಕ್ಕೆ ಹೋಗಲ್ಲ," ಎಂದು ಆಕಾಶ ನೋಡುತ್ತ ನಿಂತರು. ಚಿಕ್ಕಾಕೆ ಬಂದು ತೆಗೆದುಕೊಂಡು ಹೋಗುವವರೆಗೂ ಆಕಾಶವನ್ನೇ ನೋಡಿದರು.

ಕರೆಂಟ್ ಇರಲಿಲ್ಲ. ಮೋಟಾರ್ ಎಳೆಯುವ ತ್ರೀ ಫೇಸ್ ಬರುವುದು ಎರಡು ಗಂಟೆಗೆ ಎಂದರು. ಎರಡಾಯಿತು, ಬರಲಿಲ್ಲ. ಬೋರ್‌ವೆಲ್ ಹತ್ತಿರದ ಬೇವಿನ ಮರದಡಿ ಮೂವರೂ ಕೂತೆವು, ನಾನು ನಡುವೆ. ಬರುವುದೇ ಇಲ್ಲವೇನೋ ಎಂದು ನನಗೆ ಚಿಂತೆ. ಬಂದು ಮೋಟಾರ್ ಸುಟ್ಟುಹೋದರೆ ಎಂದು ಅದರ ಮೇಲೊಂದು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಸ್ಟಾರ್ಟರ್ ಪೆಟ್ಟಿಗೆಯ ಕೆಂಪು ದೀಪ ಹತ್ತಿತು. ಚಿಕ್ಕಾಕೆ ಓಡಿದಳು. ಪೈಪು ಎರಡು ಸಲ ಕೆಮ್ಮಿ, ಕೆಸರು ಉಗುಳಿ, ಆಮೇಲೆ ದಪ್ಪಗೆ ನೀರು ಬಿಟ್ಟಿತು.

ಅಂಚಿನ ಎರಡು ಪಾತಿ ಹೋಗಿದ್ದವು, ಅವುಗಳ ಕಡೆ ಅವಳು ನೀರನ್ನೇ ತಿರುಗಿಸಲಿಲ್ಲ. ನಾಲ್ಕಕ್ಕೆ ತಿರುಗಿಸಿದಳು. ಬದುವಿನ ಮೇಲೆ ನಿಂತಿದ್ದ ದೊಡ್ಡಾಕೆ, "ನಮ್ಮನೇಲಿ ಒಂದು ಪಾವು ಈರುಳ್ಳಿ ಬೀಜ ಉಳಿದೈತೆ ಮೇಡಂ. ಹೆಂಗೂ ಇಲಿ ತಿಂತದೆ. ಬೇಕಾದೋರು ಆ ಎರಡು ಪಾತೀಲಿ ಚೆಲ್ಕೊಳ್ಳಿ," ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ, "ಮೇಡಂ, ಆ ಮೂರನೇದಕ್ಕೆ ನೀರು ಜಾಸ್ತಿ ಆಯ್ತು. ಬೇರು ಕೊಳೀತದೆ."

ಇದನ್ನಾದರೂ ನಾನು ತಲುಪಿಸಬೇಕೆಂದು ತಿರುಗಿದೆ. ಚಿಕ್ಕಾಕೆ ಆಗಲೇ ಸನಿಕೆಯಲ್ಲಿ ಮಣ್ಣೆಳೆದು ಮೂರನೇ ಪಾತಿಯ ಬಾಯಿ ಮುಚ್ಚಿ, ನಾಲ್ಕನೆಯದನ್ನು ಬಿಡಿಸುತ್ತಿದ್ದಳು. ದೊಡ್ಡಾಕೆ ಸೆರಗು ಸಿಕ್ಕಿಸಿಕೊಂಡು ಕಾಲುವೆಗೆ ಇಳಿದು, ಆ ತುದಿಯಿಂದ ಕಸ ಬಳಿಯತೊಡಗಿದರು. ಅವರಿಬ್ಬರ ನಡುವೆ ನೀರು ಹರಿಯುವ ದಾರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತವಳು ನಾನೊಬ್ಬಳೇ.

"ಸ್ವಲ್ಪ ಸರೀರಿ ಮೇಡಂ," ಎಂದರು ದೊಡ್ಡಾಕೆ, ಬಗ್ಗಿದ ತಲೆ ಎತ್ತದೆ. "ನಿಮ್ಮ ಬಸ್ಸಿನ ಹೊತ್ತಾಯ್ತು."