ಮುಂಡು ಇಳಿಸುವ ಮರ್ಯಾದೆ

೧೯೬೧ನೇ ಇಸವಿ. ಕೆಮ್ಮಣ್ಣು ಎಂಬ ಕರಾವಳಿಯ ಊರಿನ ಹತ್ತಿರ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಮ್ಯಾನೇಜರರು ಜಾರಿ ಬಿದ್ದು ಕಾಲು ಮುರಿದುಕೊಂಡರು. ಬೇರೆ ಯಾರೂ ಸಿಗದೆ ಧನಿಗಳು ನನ್ನನ್ನೇ ಆ ಕುರ್ಚಿಯಲ್ಲಿ ಕೂರಿಸಿದರು. "ಮಳೆಗಾಲಕ್ಕೆ ಮೊದಲು ಬೊಂಬಾಯಿಗೆ ಹೋಗುವ ಕೊನೆಯ ಮಂಜಿ ತುಂಬಿದರೆ ನೀನೇ ಮ್ಯಾನೇಜರ್. ಇಲ್ಲದಿದ್ದರೆ ಪುನಃ ಟೈಪ್ ಹೊಡಿ" ಎಂದರು. ಮಂಜಿ ಎಂದರೆ ಹಂಚು ಸಾಗಿಸುವ ಹಾಯಿಹಡಗು. ನನಗೆ ಇಪ್ಪತ್ತಾರು ವರ್ಷ. ಆ ಕುರ್ಚಿಯ ಮೇಲೆ ಆಗಲೇ ಆಸೆ ಹುಟ್ಟಿತ್ತು.

ಹಳೆಯ ಮ್ಯಾನೇಜರರು ದಿನಕ್ಕೆ ಎರಡು ಸಲ ಕಾರ್ಖಾನೆ ಸುತ್ತುತ್ತಿದ್ದರಂತೆ. ನಾನು ಹತ್ತು ಸಲ ಸುತ್ತಿದೆ. ಎಡವಟ್ಟಾದದ್ದೇ ಅಲ್ಲಿ.

ನಮ್ಮ ಕಡೆ ಗಂಡಸರು ಕೆಲಸ ಮಾಡುವಾಗ ಮುಂಡನ್ನು, ಎಂದರೆ ಪಂಚೆಯನ್ನು, ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟುತ್ತಾರೆ. ದೊಡ್ಡವರು ಎದುರು ಬಂದರೆ ಅದನ್ನು ಪಾದದ ತನಕ ಇಳಿಸುವುದು ಮರ್ಯಾದೆ. ಬಂದವಳು ನನ್ನಂಥ ಹೆಂಗಸಾದರೆ ಕೇಳುವುದೇ ಬೇಡ. ನಾನು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಎಲ್ಲರೂ ಅಚ್ಚು ಬಿಟ್ಟು, ಕೈಯ ಜೇಡಿಮಣ್ಣು ತೊಳೆದು, ಮುಂಡು ಇಳಿಸಿ ನಿಲ್ಲುತ್ತಿದ್ದರು. ನಾನು ಹೋದ ಮೇಲೆ ಪುನಃ ಮಡಚಿ ಕಟ್ಟಬೇಕು. ಅಷ್ಟರಲ್ಲಿ ನಾನು ಇನ್ನೊಂದು ಬಾಗಿಲಿನಿಂದ ಹಾಜರ್! ಒಬ್ಬನಂತೂ ಇಳಿಸಿದ ಮುಂಡನ್ನು ತಾನೇ ತುಳಿದು ಹಸಿ ಹಂಚಿನ ಸಾಲಿನ ಮೇಲೆ ಬಿದ್ದ. ಎದ್ದವನು ಮೊದಲು ಮುಂಡು ಸರಿಮಾಡಿಕೊಂಡು ಆಮೇಲೆ "ಅಯ್ಯೋ" ಎಂದ.

ಹಂಚು ಕಡಿಮೆಯಾದಷ್ಟೂ ನನಗೆ ಸಿಟ್ಟು. ಸಿಟ್ಟು ಬಂದಷ್ಟೂ ಸುತ್ತು ಜಾಸ್ತಿ.

"ದಯವಿಟ್ಟು ಮುಂಡು ಇಳಿಸಬೇಡಿ" ಎಂದು ವಾಸು ಮೇಸ್ತ್ರಿಗೆ ಹೇಳಿದೆ. ಅವರು ಅದನ್ನೂ ಮುಂಡು ಇಳಿಸಿಯೇ ಕೇಳಿದರು. "ಎಂತ ಬಾಯಮ್ಮ, ಹಾಗೆ ಹೇಳುವುದಾ? ಅಕ್ಕತಂಗಿ ಇಲ್ಲದವರಾ ನಾವು?"

ಮಂಜಿ ಹೊರಡಲು ಒಂದೇ ತಿಂಗಳು ಉಳಿದಿತ್ತು. ಮಧ್ಯಾಹ್ನ ಮಣ್ಣು ಹೊರುವ ಅಕ್ಕುವಿನ ಹತ್ತಿರ ಕುಳಿತು, "ನಿಮ್ಮ ಎದುರು ಇವರು ಯಾಕೆ ಮುಂಡು ಇಳಿಸುವುದಿಲ್ಲ?" ಎಂದು ಕೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ನಮಗೆ ಯಾರು ಇಳಿಸ್ತಾರೆ ಮಾರಾಯ್ರೆ? ನಾವು ಕೆಲಸದವರು ಅಲ್ವಾ?"

ಮರುದಿನ ಬೆಳಿಗ್ಗೆ ಸೀರೆ ಎತ್ತಿ ಸಿಕ್ಕಿಸಿ, ತಲೆಗೆ ಸಿಂಬಿ ಇಟ್ಟು, ಅಕ್ಕುವಿನ ಹಿಂದೆ ಮಣ್ಣಿನ ಬುಟ್ಟಿ ಹೊತ್ತು ನಡೆದೆ. ಗಂಡಸರ ಕೈ ಸೊಂಟಕ್ಕೆ ಹೋಗಿ ಅರ್ಧದಲ್ಲೇ ನಿಂತಿತು. ವಾಸು ಮೇಸ್ತ್ರಿ ನಾಚಿಕೆಯಿಂದ ಗೋಡೆ ನೋಡಿದರು. ಮೂರನೇ ಬುಟ್ಟಿಗೆ ಒಬ್ಬ "ದಾರಿ ಬಿಡಿ!" ಎಂದು ನನ್ನನ್ನೇ ಗದರಿಸಿದ. ನನಗಾದ ಸಂತೋಷ ಹೇಳತೀರದು. ಯಾರ ಅಚ್ಚು ಸವೆದಿದೆ, ಯಾವ ಸೌದೆ ಹಸಿ ಇದೆ, ಎಲ್ಲವನ್ನೂ ಬುಟ್ಟಿಯ ಅಡಿಯಿಂದಲೇ ನೋಡಿಕೊಂಡೆ. ಇಡೀ ತಿಂಗಳು ನನ್ನ ಸುತ್ತು ಹೀಗೆಯೇ ನಡೆಯಿತು.

ಮಂಜಿ ತುಂಬಿದ ದಿನ ಧನಿಗಳು ಬಂದರು. "ಮ್ಯಾನೇಜರ್ ಎಲ್ಲಿ ಮಾರಾಯ್ತಿ?" ಎಂದು ಮೈಯೆಲ್ಲ ಮಣ್ಣಾಗಿದ್ದ ನನ್ನನ್ನೇ ಕೇಳಿದರು! ನಾನೇ ಎಂದು ಗೊತ್ತಾದ ಮೇಲೆ ತುಂಬಿದ ಮಂಜಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ, "ನಾಳೆ ಟೈಪ್ ಹೊಡೆಯಲು ಬೇರೆ ಜನ ನೋಡು" ಎಂದರು.

ಮ್ಯಾನೇಜರ್ ಆಗಿ ಹದಿನೆಂಟು ವರ್ಷ ಕಳೆದೆ. ಹೆಂಗಸು ಎಂದು ಹಗುರವಾಗಿ ಮಾತಾಡಿದವರು ಬೇಕಾದಷ್ಟು ಸಿಕ್ಕಿದರು. ಅವರಿಗೆ ತಿರುಗಿ ಜೋರು ಮಾಡಿದೆ, ಮುಗಿಯಿತು. ಆದರೆ ಕೈಮುಗಿದು, ಕುರ್ಚಿ ಒರೆಸಿ ಕೊಟ್ಟು, "ನೀವು ಯಾಕೆ ಕಷ್ಟಪಡುತ್ತೀರಿ, ಕುಳಿತುಕೊಳ್ಳಿ" ಎನ್ನುವವರನ್ನು ಕಂಡರೆ ನನಗೆ ಈಗಲೂ ಭಯವಾಗುತ್ತದೆ.